ಮ್ಯಾಟ್ರಿಕ್ಸ್ ಲೆಕ್ಕ ಕ್ಯಾಶ್ ಮಾಡಾಕ ಎಲ್‌ಆರ್‌ಯು ಕ್ಯಾಶಾ, ಜಾಬ್‌ಲಿಬ್ಬಾ? ಎರಡೂ ಬಳಸಿ ನೋಡೀನಿ

ಗಂಗಾವತಿ, ಕಾರಟಗಿ ಕಡೆ ಕಾಲುವೆ ನೀರಿನ ಭತ್ತದ ಹೊಲದಾಗ ಸವಳು ಎಲ್ಲಿ ಎಷ್ಟೈತಿ ಅಂತ ನಕ್ಷೆ ಮಾಡಾಕತ್ತೀನಿ. ಮಣ್ಣಿನ ಸ್ಯಾಂಪಲ್ 4000, ಕ್ರಿಗಿಂಗ್ ಲೆಕ್ಕ (ಸ್ಯಾಂಪಲ್ ತಗೊಂಡ ಜಾಗದ ಅಳತಿಯಿಂದ ನಡುವಿನ ಜಾಗದ್ದು ಅಂದಾಜು ಮಾಡೋದು), ಅಂದ್ರ ಹತ್ರಹತ್ರ 4000 ಸಾಲು 4000 ಕಾಲಮ್ಮಿನ ಮ್ಯಾಟ್ರಿಕ್ಸ್, ಅದೊಂದಕ್ಕ 128 ಎಂಬಿ. ಸ್ಯಾಂಪಲ್ ಜಾಗ ಬದಲಾಗಂಗಿಲ್ಲ, ಒಂದು ನಕ್ಷೆ ಮುಗಿಯೋತನಕ ಮ್ಯಾಟ್ರಿಕ್ಸೂ ಬದಲಾಗಂಗಿಲ್ಲ, ಆದ್ರ ನನ್ನ ಹಳೇ ಕೋಡು ನಕ್ಷೆಯ ಒಂದೊಂದು ಚುಕ್ಕಿಗೂ ಅದನ್ನ ಹೊಸದಾಗಿ ಇನ್ವರ್ಸ್ (ವಿಲೋಮ) ಮಾಡ್ತಿತ್ತು.

ಕ್ಯಾಶ್ ಅಂದ್ರ ಒಮ್ಮೆ ಮಾಡಿದ ಲೆಕ್ಕದ ಉತ್ತರ ಇಟ್ಕೊಂಡು ಮತ್ತ ಅದನ್ನೇ ಕೊಡೋದು. ಮೊದ್ಲು ಪೈಥಾನಿನ ಎಲ್‌ಆರ್‌ಯು ಕ್ಯಾಶ್ (ಮೆಮೊರಿಯಾಗ ಇಡ್ತೈತಿ, ತುಂಬಿದ್ರ ಭಾಳ ಹೊತ್ತಿಂದ ಬಳಸದ್ದನ್ನ ತೆಗೀತೈತಿ) ಹಚ್ಚಿದೆ. ನಂಪೈ ಅರೇ (ಪೈಥಾನಿನಾಗ ಮ್ಯಾಟ್ರಿಕ್ಸ್ ಇಡೋ ರೂಪ) ಹ್ಯಾಶ್ (ಇನ್‌ಪುಟ್ ಗುರುತು ಹಿಡಿಯೋ ನಂಬರ್) ಆಗಂಗಿಲ್ಲ ಅಂತ ಎರರ್. ಅರೇನ ಬೈಟ್ಸ್ (ಕಚ್ಚಾ ಡೇಟಾ) ಮಾಡಿ ಕೊಟ್ಟೆ, ನಡೀತು, ಆದ್ರ ಪ್ರತಿ ಕರೆಗೂ 128 ಎಂಬಿ ನಕಲು ಮಾಡಿ ಹ್ಯಾಶ್ ಹಾಕಬೇಕು, ಮ್ಯಾಲ ಡೀಫಾಲ್ಟ್ ಮ್ಯಾಕ್ಸ್‌ಸೈಜ್ (ಎಷ್ಟು ಎಂಟ್ರಿ ಇಟ್ಕೋಬೇಕು ಅನ್ನೋದು) 128, ಕೀ (ಕೊಟ್ಟ ಇನ್‌ಪುಟ್) ಒಂದು ಉತ್ತರ ಒಂದು ಸೇರಿ ಒಂದೊಂದು ಎಂಟ್ರಿಗೆ 256 ಎಂಬಿ, ಬೇರೆ ಬೇರೆ ರೇಂಜ್ (ಎಷ್ಟು ದೂರದ ತನಕ ಸ್ಯಾಂಪಲ್‌ಗಳ ನಡುವೆ ಸಂಬಂಧ ಇರ್ತೈತಿ ಅನ್ನೋ ನಂಬರ್, ಅದು ಬದಲಾದ್ರ ಮ್ಯಾಟ್ರಿಕ್ಸೂ ಬೇರೆ) ಇಟ್ಟು ನೋಡ್ತಾ ಹೋದ್ರ 8 ಜಿಬಿ ಲ್ಯಾಪ್‌ಟಾಪ್ ಎಲ್ಲಿ ತಾಳ್ತೈತ್ರಿ.

ಜಾಬ್‌ಲಿಬ್ (ಪೈಥಾನಿನ ಇನ್ನೊಂದು ಲೈಬ್ರರಿ) ಅರೇನ ಹಂಗೇ ತಗೊಂತೈತಿ, ಡಿಸ್ಕಿನಾಗ ಇಡ್ತೈತಿ. ಕರೆಂಟ್ ಹೋಗಿ ಬಂದ್ರೂ ಲೆಕ್ಕ ಉಳಿದಿರ್ತೈತಿ, ಬ್ಯಾಸಗ್ಯಾಗ ಇದು ಭಾಳ ದೊಡ್ಡದು ನನಗ. ಆದ್ರ ಇದೂ ಪ್ರತಿ ಸಲ ಪೂರ್ತಿ ಅರೇ ಹ್ಯಾಶ್ ಮಾಡ್ತೈತಿ, ಲೂಪಿನ ಒಳಗ ಕರೀಬ್ಯಾಡ್ರಿ, ಹೊರಗ ಒಂದ್ಸಲ ಕರೆದು ವೇರಿಯಬಲ್‌ನಾಗ ಇಟ್ಕೋರಿ.

ಖರೆ ಫರಕು ಬಿದ್ದಿದ್ದು ಏನನ್ನ ಕ್ಯಾಶ್ ಮಾಡ್ತೀವಿ ಅನ್ನೋದ್ರಾಗ. ಇನ್ವರ್ಸಿಗೆ ಸುಮಾರು 12,800 ಕೋಟಿ ಗುಣಾಕಾರ-ಕೂಡಿಕೆ. ಅದರ ಬದ್ಲು ಸೈಪೈ ಅನ್ನೋ ಪೈಥಾನ್ ಲೈಬ್ರರಿದ ಎಲ್‌ಯು ಫ್ಯಾಕ್ಟರ್ (ಮ್ಯಾಟ್ರಿಕ್ಸನ್ನ ಎರಡು ತ್ರಿಕೋನ ಮ್ಯಾಟ್ರಿಕ್ಸಾಗಿ ಒಡೆಯೋದು) ಮಾಡಿಟ್ರ ಸುಮಾರು 4,270 ಕೋಟಿ, ಆಮ್ಯಾಲ ಪ್ರತಿ ಚುಕ್ಕಿಗೆ ಎಲ್‌ಯು ಸಾಲ್ವ್, ಬರೇ 3.2 ಕೋಟಿ, ಉತ್ತರದಾಗ ತಪ್ಪು ಸೇರೋದೂ ಕಮ್ಮಿ. ಚೊಲೆಸ್ಕಿ ಅನ್ನೋ ಇನ್ನೊಂದು ಒಡೆಯೋ ವಿಧಾನ ಎಲ್‌ಯು ಫ್ಯಾಕ್ಟರಿನ ಅರ್ಧ ಖರ್ಚಿನಾಗ ಆಗ್ತೈತಿ, ಆದ್ರ ಆರ್ಡಿನರಿ ಕ್ರಿಗಿಂಗಿನಾಗ ಕೊನೀಗೆ ಒಂದು ಸಾಲು, ಒಂದು ಕಾಲಮ್ಮು ಒಂದರದ್ದು ಸೇರಿಸ್ತೀವಲ್ಲ, ಅದರಿಂದ ಮ್ಯಾಟ್ರಿಕ್ಸ್ ಪಾಸಿಟಿವ್ ಡೆಫಿನಿಟ್ (ಚೊಲೆಸ್ಕಿಗೆ ಬೇಕಾದ ಗುಣ) ಉಳಿಯಂಗಿಲ್ಲ, ಚೊಲೆಸ್ಕಿ ನಡೆಯಂಗಿಲ್ಲ.

ಈಗ ಎಲ್‌ಆರ್‌ಯು ಕ್ಯಾಶಿಗೆ ಮತ್ತ ಬಂದೀನಿ, ಮ್ಯಾಟ್ರಿಕ್ಸ್ ಕೊಡಂಗಿಲ್ಲ, ಅದನ್ನ ಹುಟ್ಟಿಸೋ ರೇಂಜ್, ಸಿಲ್ (ದೂರ ಹೆಚ್ಚಾದಂಗ ಸ್ಯಾಂಪಲ್‌ಗಳ ಫರಕು ಮುಟ್ಟೋ ಮೇಲಿನ ಮಟ್ಟ), ನಗೆಟ್ (ಭಾಳ ಹತ್ರದ ಸ್ಯಾಂಪಲ್‌ಗಳ ನಡುವೆಯೂ ಉಳಿಯೋ ಫರಕು) ಮೂರು ನಂಬರ್ ಅಷ್ಟೇ ಕೀ, ಮ್ಯಾಕ್ಸ್‌ಸೈಜ್ 2. ಹ್ಯಾಶ್ ಚಿಟಿಕಿ ಹೊಡ್ಯೋದ್ರಾಗ ಆಗ್ತೈತಿ. ಇದ್ರಾಗೂ ಒಮ್ಮೆ ಸಿಕ್ಕೊಂಡೆ: ಒಂದು ಸ್ಯಾಂಪಲಿನ ಜಿಪಿಎಸ್ ತಪ್ಪಿತ್ತು, ತಿದ್ದಿದೆ, ಮೂರು ನಂಬರ್ ಅವೇ ಇದ್ದಿದ್ದಕ್ಕ ಕ್ಯಾಶ್ ಹಳೇದನ್ನೇ ಕೊಡ್ತು, ಆ ನಕ್ಷೆ ನೋಡಿ ಒಬ್ಬ ರೈತರಿಗೆ ನಿಮ್ಮ ಹೊಲದಾಗ ಸವಳಿಲ್ಲ ಅಂದುಬಿಟ್ಟಿದ್ದೆ, ಮರುದಿನ ಹೋಗಿ ಸರಿ ಹೇಳಿ ಬಂದೆ. ಅವತ್ತಿಂದ ಡೇಟಾ ಫೈಲಿನ ವರ್ಷನ್ ನಂಬರನ್ನೂ ಕೀಗೆ ಸೇರಿಸೀನಿ.