ಬರೀ ವಿಟಮಿನ್ ಸಿ ಮಾತ್ರೆಯೋ, ಬಯೋಫ್ಲೇವನಾಯ್ಡ್ ಸೇರಿದ್ದೋ?

ಮೆಡಿಕಲ್ ಶಾಪಿನಲ್ಲಿ ಸಿಗುವ 500 ಮಿ.ಗ್ರಾಂ.ನ ಚೀಪುವ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಸಾಮಾನ್ಯವಾಗಿ 100 ಮಿ.ಗ್ರಾಂ. ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ ಎಂದರೆ ಇದೇ), ಉಳಿದದ್ದು ಅದರ ಲವಣವಾದ ಸೋಡಿಯಂ ಆಸ್ಕಾರ್ಬೇಟ್. ಹುಳಿ ಕಡಿಮೆ, ಬೆಲೆಯೂ ಕಡಿಮೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಶಿಫಾರಸಿನ ಪ್ರಕಾರ ದಿನಕ್ಕೆ ಗಂಡಸರಿಗೆ 80, ಹೆಂಗಸರಿಗೆ 65 ಮಿ.ಗ್ರಾಂ. ಸಾಕು, ಮಧ್ಯಮ ಗಾತ್ರದ ಒಂದು ಸೀಬೆಹಣ್ಣೇ ಇಷ್ಟನ್ನು ಕೊಟ್ಟುಬಿಡುತ್ತದೆ.

ಬಯೋಫ್ಲೇವನಾಯ್ಡ್ ಎಂದರೆ ಕಿತ್ತಳೆ, ನಿಂಬೆ ಜಾತಿಯ ಸಿಪ್ಪೆಯಲ್ಲಿರುವ ಹೆಸ್ಪೆರಿಡಿನ್‌ನಂಥವು. 1936ರಲ್ಲಿ ಇವನ್ನು ‘ವಿಟಮಿನ್ ಪಿ’ ಎಂದು ಕರೆದದ್ದುಂಟು, ಆಮೇಲೆ ಆ ಪದವಿ ಹೋಯಿತು. ಇವು ಸೇರಿದರೆ ದೇಹ ಸಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ ಎಂಬುದೇ ಮಾರಾಟದ ಮುಖ್ಯ ಮಾತು. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಅದಕ್ಕಾಗಿ ದುಪ್ಪಟ್ಟು ದುಡ್ಡು ಕೊಡಬೇಡಿ. ಮೂಲವ್ಯಾಧಿಗೆ ವೈದ್ಯರು ಬರೆಯುವ ಡಯಾಸ್ಮಿನ್ (ಇದೂ ಒಂದು ಬಯೋಫ್ಲೇವನಾಯ್ಡ್) 450, ಹೆಸ್ಪೆರಿಡಿನ್ 50 ಮಿ.ಗ್ರಾಂ. ಮಾತ್ರೆಯ ಲೆಕ್ಕ ಬೇರೆ, ಆ ಲೆಕ್ಕವನ್ನು ಇದಕ್ಕೆ ಹಚ್ಚಬಾರದು.

ಶೀತಕ್ಕೆ? ದಿನವೂ ಸಿ ತೆಗೆದುಕೊಳ್ಳುವ ವಯಸ್ಕರಲ್ಲಿ ಶೀತದ ಅವಧಿ ಸುಮಾರು ಶೇ. 8ರಷ್ಟು ಕುಗ್ಗುತ್ತದೆ, ಅಷ್ಟೇ. ಮೂಗು ಸೋರಲು ಶುರುವಾದ ಮೇಲೆ ನುಂಗಿದರೆ ಲಾಭ ಕಂಡಿಲ್ಲ.

ಒಂದೇ ಸಲ 1 ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ ಹೀರಿಕೊಂಡು ಉಳಿದದ್ದು ಕರುಳಿನಲ್ಲೇ ನಿಲ್ಲುತ್ತದೆ. ಹೊಟ್ಟೆ ನುಲಿದು ಭೇದಿಯಾಗುವುದು ಅದಕ್ಕೇ. ಕಿಡ್ನಿ ಕಲ್ಲು ಆಗಿದ್ದವರು ದೊಡ್ಡ ಡೋಸ್ ಮುಟ್ಟಬೇಡಿ: ಸಿಯ ಒಂದು ಭಾಗ ದೇಹದಲ್ಲಿ ಕಲ್ಲು ಕಟ್ಟುವ ಆಕ್ಸಲೇಟ್ ಆಗುತ್ತದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಬರೀ ಸಿ ಜೊತೆಗಿರಲಿ, ಕಾಫಿ ಒಂದು ಗಂಟೆ ದೂರವಿರಲಿ.