ದಾವಣಗೆರೆ ಹದಡಿ ರೋಡಿನ ಬೇವಿನ ಮರದ ಗ್ಯಾರೇಜ್: ಮೆತ್ತಗಾಗಿದ್ದ ಬ್ರೇಕ್ ಪೆಡಲ್ ಕೊನೆಗೂ ಸರಿ ಆಯ್ತು, ಐದಕ್ಕೆ ನಾಲ್ಕೂವರೆ ಸ್ಟಾರ್

ನನ್ನದು ಹಳೇ ಸ್ಯಾನ್ ಸ್ಟಾರ್ಮ್, ಗೋವಾದಲ್ಲಿ ತಯಾರಾಗ್ತಿದ್ದ ಎರಡು ಸೀಟಿನ ಓಪನ್ ಕಾರು, ಫೈಬರ್ ಬಾಡಿ, 1149 ಸಿಸಿ ರೆನೋ ಇಂಜಿನ್. ಚಿತ್ರದುರ್ಗದಲ್ಲಿ ಎಲ್ಲಿ ನಿಲ್ಲಿಸಿದ್ರೂ ಯಾವ ಫಾರಿನ್ ಗಾಡಿ ಸಾರ್ ಅಂತ ಕೇಳ್ತಾರೆ. ಕೆಲವು ತಿಂಗಳಿಂದ ಬ್ರೇಕ್ ಪೆಡಲ್ ಮೆತ್ತಗಾಗಿತ್ತು, ಒದ್ದೆ ಸ್ಪಂಜ್ ತುಳಿದಂಗೆ. ಭರಮಸಾಗರದ ಹತ್ರ ಒಂದು ಟ್ರ್ಯಾಕ್ಟರ್ ಅಡ್ಡ ಬಂತು, ತುಳಿದೆ, ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯ್ತು, ಎರಡನೇ ಸಲ ತುಳಿದಾಗ್ಲೇ ಹಿಡಿದಿದ್ದು. ಪಕ್ಕದ ಸೀಟಲ್ಲಿ ಮಗಳಿದ್ಲು. ಆಮೇಲೆ ಗಾಡಿ ತೆಗೀಲೇ ಇಲ್ಲ.

ಅದಕ್ಕೆ ಮುಂಚೆ ಬೇರೆ ಒಂದು ಕಡೆ ತೋರಿಸಿದ್ದೆ, ಹೆಸರು ಬ್ಯಾಡ. ಪೆಡಲ್ ಮೇಲೆ ಕಾಲೂ ಇಡದೆ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲ್ಲನ್ನ ಪೈಪಿಗೆ ತಳ್ಳೋ ಭಾಗ) ಹೋಗೈತೆ ಅಂದ್ರು, 6,500 ರೂಪಾಯಿ ತಗೊಂಡು ಹೊಸದು ಹಾಕಿದ್ರು, ಬ್ರೇಕ್ ಪೈಪಲ್ಲಿ ಸೇರಿ ಪೆಡಲ್ ಮೆತ್ತಗೆ ಮಾಡೋ ಏರನ್ನ ಮತ್ತೆ ಎರಡು ಸಲ ತೆಗೆದ್ರು, ಪೆಡಲ್ ಮಾತ್ರ ಹಂಗೇ ಇತ್ತು. ದುಡ್ಡು ಹೋಗಿದ್ದಕ್ಕಿಂತ ಯಾರೂ ಕಾರಣ ಹುಡುಕಲಿಲ್ವಲ್ಲ ಅನ್ನೋದೇ ಜಾಸ್ತಿ ಬೇಜಾರು.

ಕೊನೆಗೆ ಟೋಯಿಂಗ್ ಗಾಡಿ ಮೇಲೆ ಹಾಕ್ಸಿ ದಾವಣಗೆರೆಗೆ ತಂದೆ. ಬೋರ್ಡ್ ಇಲ್ಲ, ಹದಡಿ ರೋಡಲ್ಲಿ ಬೇವಿನ ಮರದ ಕೆಳಗೆ ಹಳೇ ಜೀಪ್ ನಿಂತಿರುತ್ತೆ, ಅದೇ ಗುರುತು. ಮೇಸ್ತ್ರಿಗೆ ಅರವತ್ತರ ಹತ್ರ ವಯಸ್ಸು. ಪಾನಾ ಮುಟ್ಟೋಕೆ ಮೊದಲು ಸೀಟಲ್ಲಿ ಕೂತು ಪೆಡಲ್ ತುಳಿದು ಹಂಗೇ ಒಂದು ನಿಮಿಷ ಹಿಡ್ಕೊಂಡ್ರು. "ಕೆಳಗೆ ಇಳೀತಿಲ್ಲ ನೋಡ್ರಿ. ಮಾಸ್ಟರ್ ಒಳಗಿನ ರಬ್ಬರ್ ವಾಷರ್ ಹೋಗಿದ್ರೆ ಕಾಲಿಟ್ಟಂಗೇ ನಿಧಾನಕ್ಕೆ ಇಳೀತಾ ಹೋಗ್ತದೆ. ಹಳೇ ಮಾಸ್ಟರ್ ಇದ್ದಾಗ ಇಳೀತಿತ್ತಾ?" ಇಲ್ಲ ಅಂದೆ. "ಹಂಗಾದ್ರೆ ಅದನ್ನ ಬದಲಾಯಿಸೋ ಕೆಲಸಾನೇ ಇರ್ಲಿಲ್ರಿ."

ಆಮೇಲೆ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು ನನ್ನನ್ನೇ ಕೂರಿಸಿ ತುಳೀರಿ ಅಂದ್ರು. ಪೆಡಲ್ ಎರಡು ಬೆರಳಷ್ಟು ಮೇಲೇ ಹಿಡೀತು! ಅಂದ್ರೆ ಹ್ಯಾಂಡ್ ಬ್ರೇಕ್ ಎಳೆಯದಿದ್ದಾಗ ಹಿಂದಿನ ಚಕ್ರದ ಡ್ರಮ್ಮಲ್ಲಿ ಶೂ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸೋ ಪಟ್ಟಿ) ದೂರ ಇದಾವೆ, ಅವು ಡ್ರಮ್ಮಿಗೆ ತಾಗೋ ಅಷ್ಟರಲ್ಲೇ ಪೆಡಲ್ ಅರ್ಧ ದಾರಿ ಹೋಗಿರುತ್ತೆ, ಎರಡನೇ ಸಲ ತುಳಿದಾಗ ಹಿಡೀತಿದ್ದಿದ್ದೂ ಅದಕ್ಕೇ. ಡ್ರಮ್ ಬಿಚ್ಚಿದ್ರೆ ಶೂ ಹತ್ರ ತರೋ ಅಡ್ಜಸ್ಟರ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಿಡಿಸಿ, ಉಜ್ಜಿ, ಚಕ್ರ ತಿರುಗಿಸಿದ್ರೆ ಸಣ್ಣಗೆ ಸರ್ ಅನ್ನೋ ಹಾಗೆ ಸೆಟ್ ಮಾಡಿದ್ರು.

ಪೆಡಲ್ ಮೇಲೆ ಬಂತು, ಆದ್ರೆ ಮೆತ್ತಗಿರೋದು ಪೂರ್ತಿ ಹೋಗಿರ್ಲಿಲ್ಲ. ನಾನಾಗಿದ್ರೆ ಅಷ್ಟಕ್ಕೇ ಖುಷಿಪಟ್ಟು ಗಾಡಿ ತಗೊಂಡು ಹೋಗ್ತಿದ್ದೆ, ಅವರು ಬಿಡ್ಲಿಲ್ಲ. ಕ್ಲ್ಯಾಂಪ್ ಬಾಯಿಗೆ ಸೈಕಲ್ ಟ್ಯೂಬ್ ತುಂಡು ಸುತ್ತಿ, ಪೈಪ್ ಗಾಯ ಆಗದ ಹಾಗೆ ಚಕ್ರಕ್ಕೆ ಆಯಿಲ್ ಒಯ್ಯೋ ಒಂದೊಂದೇ ರಬ್ಬರ್ ಹೋಸ್ ಅದುಮಿ ಪೆಡಲ್ ನೋಡ್ತಾ ಬಂದ್ರು. ಮುಂದಿನ ಎಡಗಡೆ ಅದುಮಿದಾಗ ಪೆಡಲ್ ಕಲ್ಲಿನ ಥರ ಆಯ್ತು. ತಪ್ಪು ಕ್ಯಾಲಿಪರಲ್ಲಿ (ಮುಂದಿನ ಚಕ್ರದ ಡಿಸ್ಕ್ ಹಿಡಿಯೋ ಭಾಗ) ಉಳಿದಿರೋ ಗಾಳೀದಾ, ಹೋಸಿಂದಾ? ಕ್ಲ್ಯಾಂಪ್ ತೆಗೆದು ನನ್ನ ಬೆರಳನ್ನ ಆ ಹೋಸ್ ಮೇಲಿಟ್ಟು ಹುಡುಗನಿಗೆ "ತುಳಿಯಪ್ಪಾ" ಅಂದ್ರು. ನಾಡಿ ಹಿಡಿದಾಗ ಬಡಿಯುತ್ತಲ್ಲ, ಹಂಗೆ ಉಬ್ಬಿ ಇಳೀತು. ಬಲಗಡೇದು ಹಿಡಿದು ನೋಡಿದ್ರೆ ಅಷ್ಟಿಲ್ಲ. ಆಯಿಲ್ ಒತ್ತಡ ಚಕ್ರಕ್ಕೆ ಹೋಗೋ ಬದಲು ಹಳೇ ರಬ್ಬರನ್ನ ಉಬ್ಬಿಸ್ತಾ ಇತ್ತು, ಹೊರಗಿಂದ ನೋಡಿದ್ರೆ ಒಂದು ಬಿರುಕೂ ಇಲ್ಲ.

ಇದಕ್ಕೆ ಸ್ಪೇರ್ ಸಿಗೋದು ಕಷ್ಟ, ಹಳೇ ಹೋಸ್ ತಗೊಂಡು ನಾನೇ ಬೆಂಗಳೂರು ಜೆಸಿ ರೋಡಿಗೆ ಹೋಗಿ ಉದ್ದ, ಥ್ರೆಡ್ ಎಲ್ಲ ಮ್ಯಾಚ್ ಮಾಡಿ ಜೋಡಿ ತಂದೆ, ಒಂದೇ ಕಡೆ ಹೊಸದು ಹಾಕಬಾರದು ಅಂತ ಹೇಳಿದ್ರು. ತಾಮ್ರದ ವಾಷರ್ ಕೂಡ ಹೊಸಾವೇ ಹಾಕಿದ್ರು. ಹಳೇ ಬ್ರೇಕ್ ಆಯಿಲ್ ಚಹಾ ಬಣ್ಣಕ್ಕೆ ತಿರುಗಿತ್ತು, ಪೂರ್ತಿ ತೆಗೆದು ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹಾಕಿದ್ರು. ಈ ಆಯಿಲ್ ಗಾಳಿಯಿಂದ ನೀರು ಹೀರುತ್ತೆ, ಡಾಟ್ 4 ಹೊಸದಿದ್ದಾಗ ಕಡಿಮೆ ಅಂದ್ರೂ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತೆ. ಹಳೇದೇ ಇಟ್ಕೊಂಡು ಘಾಟ್ ಇಳಿಯೋರು ದಯವಿಟ್ಟು ಬದಲಾಯಿಸ್ಕೊಳ್ಳಿ. ಏರ್ ತೆಗೆಯೋ ಮುಂಚೆ ಬಾನೆಟ್ ಸುತ್ತ ಒದ್ದೆ ಬಟ್ಟೆ ಹಾಸಿದ್ರು, ಬ್ರೇಕ್ ಆಯಿಲ್ ಬಿದ್ರೆ ಪೇಂಟ್ ಎದ್ದು ಬರುತ್ತೆ ಅಂತ. ನನ್ನ ಗಾಡೀನ ಇಷ್ಟು ಜೋಪಾನವಾಗಿ ನೋಡಿಕೊಂಡ ಗ್ಯಾರೇಜ್ ಇನ್ನೊಂದಿಲ್ಲ.

ಲೇಬರ್ 1,400, ಹೋಸ್ ಖರ್ಚು ನನ್ನದೇ. ಅರ್ಧ ಸ್ಟಾರ್ ಕಮ್ಮಿ ಯಾಕಂದ್ರೆ ಎರಡು ದಿನ ಅಂದಿದ್ದು ಐದು ದಿನ ಆಯ್ತು, ಮಧ್ಯ ಫೋನ್ ಎತ್ತಲಿಲ್ಲ, ಬಿಲ್ಲು ಅಂದ್ರೆ ಚೀಟಿ. ಕೂರೋಕೆ ಜಾಗ ಇಲ್ಲ, ಮೂಲೆ ಅಂಗಡೀಲಿ ಮಂಡಕ್ಕಿ ಮೆಣಸಿನಕಾಯಿ ತಿಂತಾ ಕಾಯಬೇಕು. ಭಾನುವಾರ ರಜೆ. ಬೆಳಿಗ್ಗೆ ಹತ್ತರೊಳಗೆ ಹೋದ್ರೆ ಮೇಸ್ತ್ರಿನೇ ಸಿಗ್ತಾರೆ, ಪೆಡಲ್ ಮೊದಲನೇ ಸಲ ಹೆಂಗೆ, ಎರಡನೇ ಸಲ ಹೆಂಗೆ, ಹಿಡ್ಕೊಂಡ್ರೆ ಇಳೀತದಾ ಅಂತ ಮನೇಲೇ ನೋಡ್ಕೊಂಡು ಹೋಗಿ, ಅವರು ಮೊದಲು ಕೇಳೋದೇ ಅದು.