ಕೋಹಾ: ಮಲೆನಾಡಿನ ಸಣ್ಣ ಲೈಬ್ರರಿಯಿಂದ ಒಂದು ಅಭಿಪ್ರಾಯ

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ನಾನು ಲೈಬ್ರರಿಯನ್. ಪುಸ್ತಕಗಳ ಪಟ್ಟಿ, ಕೊಡುವುದು-ತಗೊಳ್ಳುವುದನ್ನೆಲ್ಲ ನೋಡಿಕೊಳ್ಳುವ ಕೋಹಾ ಸಾಫ್ಟ್‌ವೇರ್ ಹಾಕಿಸಬಹುದಾ ಅಂತ ಸುತ್ತಮುತ್ತಲಿನ ಲೈಬ್ರರಿಯವರು ಕೇಳುತ್ತಿರುತ್ತಾರೆ. ಧೈರ್ಯವಾಗಿ ಹಾಕಿಸಿ. ಕೋಹಾ ಓಡುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಬಲ್ಲವರೊಬ್ಬರು ಮಾತ್ರ ಜೊತೆಗಿರಲಿ. ಪುಕ್ಕಟೆ ಸಿಗುತ್ತದೆ ನಿಜ, ಆದರೆ ಕೆಲಸ ಸುಮ್ನೆ ಆಗುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಹಳೇ ಡೇಟಾ ಉಳಿದದ್ದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವಾಗ ನಾವು ಕಲಿತದ್ದು ಪುಸ್ತಕಗಳ ವಿವರ ಕೂಡಿಡುವ ಯುನೆಸ್ಕೋದ ಸಾಫ್ಟ್‌ವೇರ್ ಸಿಡಿಎಸ್/ಐಸಿಸ್. ಅದರ ಪಿಸಿ ಆವೃತ್ತಿ 1985ರಲ್ಲಿ ಬಂತು, ಭಾರತದಲ್ಲಿ ಅದನ್ನು ಹಂಚಿದ್ದು ಕೇಂದ್ರ ಸರ್ಕಾರದ ವಿಜ್ಞಾನ ಮಾಹಿತಿ ಯೋಜನೆಯಾದ ನಿಸ್ಸಾಟ್. ಕಪ್ಪು ಪರದೆ ಮುಂದೆ ಕೂತು ಲೇಖಕ, ಶೀರ್ಷಿಕೆ ಮುಂತಾದ ಫೀಲ್ಡುಗಳನ್ನು ನಾವೇ ಗೊತ್ತುಮಾಡಬೇಕಿತ್ತು. ಕೆಲಸಕ್ಕೆ ಸೇರಿದ ಮೇಲೂ ಪುಸ್ತಕಗಳನ್ನೆಲ್ಲ ಅದರಲ್ಲೇ ಏರಿಸಿದ್ದೆ. ಈಗ ಅದೆಲ್ಲವನ್ನೂ ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಸಾಗಿಸಬಹುದಾದ ಐಎಸ್‌ಒ 2709 ಎಂಬ ಬಗೆಯ ಫೈಲಾಗಿ ಹೊರತೆಗೆದು, ಲೇಖಕರನ್ನು 100 ಎಂಬ ಟ್ಯಾಗಿಗೆ, ಶೀರ್ಷಿಕೆಯನ್ನು 245ಕ್ಕೆ, ಪ್ರತಿಗಳ ವಿವರವನ್ನು 952ಕ್ಕೆ ಹೊಂದಿಸಿದೆವು. ಕೋಹಾ ತೆಗೆದುಕೊಂಡಿತು! ಪುಸ್ತಕದ ಒಂದೊಂದು ವಿವರಕ್ಕೂ ಹೀಗೆ ಒಂದು ಸಂಖ್ಯೆ ಕೊಡುವ ಕ್ರಮಕ್ಕೆ ಮಾರ್ಕ್ ಅಂತ ಹೆಸರು. 952 ಕೋಹಾದ್ದೇ, ಆದರೆ ಮಾರ್ಕ್ ಕ್ರಮ 1960ರ ದಶಕದ್ದು. ಕ್ಯಾಟಲಾಗ್ ಕಾರ್ಡಿನಲ್ಲಿರುವುದನ್ನು ಮ್ಯಾಗ್ನೆಟಿಕ್ ಟೇಪಿಗೆ ಬರೆಯುವ ಕ್ರಮವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಾಮ್ ಮತ್ತು ಅವರ ತಂಡ ರೂಪಿಸಿತು. ಅವ್ರಾಮ್ ಲೈಬ್ರರಿ ಸೈನ್ಸ್ ಓದಿದವರಲ್ಲ, ಪ್ರೋಗ್ರಾಮರ್. ಅವರ ಮೇಲೆ ನನಗೆ ದೊಡ್ಡ ಗೌರವ.

ಕೋಹಾ ಹುಟ್ಟಿದ ಕಥೆಯೂ ನಮಗೆ ಹತ್ತಿರದ್ದೇ. ನ್ಯೂಜಿಲೆಂಡಿನ ಹೊರೊವೆನುವಾ ಎಂಬಲ್ಲಿನ ಲೈಬ್ರರಿಗಳ ಹಳೇ ಸಾಫ್ಟ್‌ವೇರ್ 2000ನೇ ಇಸವಿ ದಾಟುವಂತಿರಲಿಲ್ಲ. ಹಾಗಾಗಿ ಹೊಸದನ್ನು ಬರೆಸಿದರು, ಮಾಮೂಲಿ ಫೋನ್ ಲೈನಿನಲ್ಲೂ ನಡೆಯಬೇಕು ಅಂತ. 2000ದ ಜನವರಿಯಲ್ಲೇ ಶುರುವಾಯಿತು. ನಮ್ಮಲ್ಲಿ ಸರ್ವರ್ ಲೈಬ್ರರಿ ಒಳಗೇ ಇದೆ. ಆಷಾಢದ ಮಳೆಗೆ ನೆಟ್ ಹೋದರೂ ಪುಸ್ತಕ ಕೊಡುವುದು, ತಗೊಳ್ಳುವುದು ನಿಲ್ಲುವುದಿಲ್ಲ. ಕರೆಂಟ್ ಹೋದರೆ ಮಾತ್ರ ನೋಟ್‌ಬುಕ್ಕೇ ಗತಿ.

ತೊಂದರೆ ಇರುವುದು ಕನ್ನಡ ಪುಸ್ತಕಗಳಲ್ಲಿ. ಐಸಿಸ್ ಕಾಲದಲ್ಲಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆವು. ಕೋಹಾಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ಆದರೆ ಹಳೇ ದಾಖಲೆಯನ್ನು ತಾನೇ ತಿದ್ದಿಕೊಳ್ಳುವುದಿಲ್ಲ. ಹುಡುಗರು ‘ಕುವೆಂಪು’ ಅಂತ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗದು, ಪುಸ್ತಕ ಮಾತ್ರ ಎದುರಿನ ಕಪಾಟಿನಲ್ಲೇ ಇರುತ್ತದೆ. ಇದು ಸಹಿಸುವ ಮಾತಲ್ಲ, ಅಲ್ವಾ? ಅದಕ್ಕೇ ಒಂದೊಂದನ್ನೇ ಕನ್ನಡದಲ್ಲಿ ಮತ್ತೆ ಟೈಪ್ ಮಾಡುತ್ತಿದ್ದೇವೆ.

ತರಬೇತಿಗೆ ಬರುವ ಲೈಬ್ರರಿ ಸೈನ್ಸ್ ವಿದ್ಯಾರ್ಥಿಗಳಿಗೂ ಮೊದಲು ಇದೇ ಕೆಲಸ ಕೊಡುತ್ತೇನೆ. ಬಾರ್‌ಕೋಡ್ ಆಮೇಲೆ.